13 ಅಂಕ ಹಿಂದೆ, ಎರಡೇ ಸುತ್ತು ಬಾಕಿ: ಯಾವ ಟೈಲ್ ಕೇಳಬೇಕು? (ಕೌಂಟ್‌ಡೌನ್)

ಪದಬೇಟೆ:

ಬ್ರಿಟನ್ನಿನ ಚಾನೆಲ್ 4ರ ಕೌಂಟ್‌ಡೌನ್ ಆಟದ ಕೊನೆಯ ಘಟ್ಟದ ಬಗ್ಗೆ ಪ್ರಶ್ನೆ. ಹೊಸಬರಿಗಾಗಿ ನಿಯಮ ಚಿಕ್ಕದಾಗಿ: ಒಟ್ಟು 15 ಸುತ್ತು. 10 ಅಕ್ಷರದ್ದು, 4 ನಂಬರಿನದು, ಕೊನೆಯದು ಕೊನಂಡ್ರಮ್. ಪ್ರತಿ ಸುತ್ತಿಗೂ 30 ಸೆಕೆಂಡು. ಅಕ್ಷರದ ಸುತ್ತಿನಲ್ಲಿ 9 ಅಕ್ಷರ ಎತ್ತಿ ಆದಷ್ಟು ಉದ್ದದ ಪದ ಕಟ್ಟಬೇಕು. ಉದ್ದದ ಪದ ಹೇಳಿದವರಿಗೆ ಮಾತ್ರ ಅಕ್ಷರಕ್ಕೊಂದು ಅಂಕ, ಒಂಬತ್ತಕ್ಕೆ ಒಂಬತ್ತೂ ಬಳಸಿದರೆ 18. ಉದ್ದ ಸಮವಾದರೆ ಇಬ್ಬರಿಗೂ ಅಂಕ. ನಂಬರ್ ಸುತ್ತಿನಲ್ಲಿ ಆರು ಟೈಲ್‌ಗಳಿಂದ (ದೊಡ್ಡವು 25, 50, 75, 100; ಚಿಕ್ಕವು 1ರಿಂದ 10) ಮೂರಂಕಿಯ ಗುರಿ ಮುಟ್ಟಬೇಕು. ಸರಿಯಾಗಿ ಮುಟ್ಟಿದರೆ 10, ಗುರಿಗೆ 1ರಿಂದ 5 ವ್ಯತ್ಯಾಸವಿದ್ದರೆ 7, 6ರಿಂದ 10 ಇದ್ದರೆ 5. ಅಲ್ಲೂ ಹೆಚ್ಚು ಹತ್ತಿರ ಬಂದವರಿಗೆ ಮಾತ್ರ ಅಂಕ. ಕೊನಂಡ್ರಮ್ ಅಂದರೆ ಕಲಸಿಟ್ಟ 9 ಅಕ್ಷರಗಳ ಪದ. ಮೊದಲು ಬಜರ್ ಒತ್ತಿ ಸರಿ ಹೇಳಿದವರಿಗೆ 10.

ಈಗ ಸ್ಥಿತಿ ಹೀಗಿದೆ ಅಂದುಕೊಳ್ಳಿ. 13 ಸುತ್ತು ಮುಗಿದಿದೆ. ಚಾಂಪಿಯನ್ 84, ಚಾಲೆಂಜರ್ 71. 14ನೆಯದು ನಂಬರ್ ಸುತ್ತು, ಟೈಲ್ ಆರಿಸುವ ಸರದಿ ಚಾಲೆಂಜರ್‌ದು. ಅವರು ಎಂದಿನಂತೆ "ಒಂದು ದೊಡ್ಡದು, ಐದು ಚಿಕ್ಕದು" ಕೇಳಿದರು, ಇಬ್ಬರೂ ಗುರಿ ಮುಟ್ಟಿದರು, 94–81. ಕೊನಂಡ್ರಮ್ ಬರುವ ಮೊದಲೇ ಆಟ ಮುಗಿದುಹೋಯಿತು.

ಕೇಳಬೇಕಾದ್ದು ಮೂರು. ಚಾಲೆಂಜರ್ ಇಲ್ಲಿ ಬೇರೆ ಟೈಲ್ ಕೇಳಬೇಕಿತ್ತೇ? ಅದಕ್ಕೂ ಮೊದಲು, 13ನೇ ಅಕ್ಷರದ ಸುತ್ತಿನಲ್ಲಿ (ಆಗ 77–64) ಚಾಂಪಿಯನ್ 7 ಎಂದು ಘೋಷಿಸಿದ್ದಾರೆ. ಚಾಲೆಂಜರ್ ಕೈಯಲ್ಲಿ ಖಚಿತವಾದ 7, ಅನುಮಾನದ 8 ಎರಡೂ ಇವೆ. ಯಾವುದನ್ನು ಹೇಳಬೇಕಿತ್ತು? ಕೊನೆಗೆ, ಅಂತರ ಹತ್ತರೊಳಗೆ ಬಂದರೆ ಕೊನಂಡ್ರಮ್‌ನಲ್ಲಿ ಬಜರ್ ಯಾವಾಗ ಒತ್ತಬೇಕು?

ಅಂತರಲೆಕ್ಕ:

ಮೊದಲ ಪ್ರಶ್ನೆಗೆ: ಹೌದು, ಬೇರೆ ಕೇಳಬೇಕಿತ್ತು. ಆ ಸ್ಥಿತಿಯಲ್ಲಿ "ಒಂದು ದೊಡ್ಡದು" ಚಾಂಪಿಯನ್‌ಗೆ ಅನುಕೂಲದ ಆಯ್ಕೆ.

14ನೇ ಸುತ್ತಿಗೆ ಹೋಗುವಾಗ ನೋಡಬೇಕಾದ್ದು ಒಟ್ಟು ಅಂಕವಲ್ಲ, ಅಂತರ. ನಂಬರ್ ಸುತ್ತಿನಲ್ಲಿ ಅಂತರ ಬದಲಾಗುವುದು 0, 5, 7 ಅಥವಾ 10ರಷ್ಟು ಮಾತ್ರ. ಕೊನಂಡ್ರಮ್ ಕೊಡುವುದು 10. ಹಾಗಾಗಿ ಹಿಂದಿರುವವರಿಗೆ ಮೆಟ್ಟಿಲುಗಳು ಸ್ಪಷ್ಟವಾಗಿವೆ. 11ರಿಂದ 14 ಹಿಂದಿದ್ದರೆ ನಂಬರ್ ಸುತ್ತನ್ನು ಹೇಗೆ ಗೆದ್ದರೂ ಸಾಕು, 5 ಅಂಕದ ಗೆಲುವೂ ನಡೆಯುತ್ತದೆ. ಅಂತರ 9 ಅಥವಾ ಅದಕ್ಕಿಂತ ಕಡಿಮೆಗೆ ಇಳಿಯುತ್ತದೆ, ಕೊನಂಡ್ರಮ್ ಬಿಡಿಸಿದರೆ ಆಟ ನಿಮ್ಮದು. 15 ಹಿಂದಿದ್ದು 5 ಸಿಕ್ಕರೆ ಅಂತರ ಸರಿಯಾಗಿ 10. ಆಗ ಕೊನಂಡ್ರಮ್ ಬಿಡಿಸಿದರೂ ಸಮವಾಗುತ್ತದೆ ಅಷ್ಟೆ, ಇನ್ನೊಂದು ಕೊನಂಡ್ರಮ್ ಆಡಬೇಕು. 16ಕ್ಕೆ ಕನಿಷ್ಠ 7 ಬೇಕು. 17ಕ್ಕೆ 7 ಸಿಕ್ಕರೆ ಮತ್ತೆ ಸಮದ ದಾರಿ. 18, 19ಕ್ಕೆ 10 ಬೇಕೇ ಬೇಕು. 20ಕ್ಕೆ 10 ಸಿಕ್ಕರೂ ಎರಡು ಕೊನಂಡ್ರಮ್ ಬಿಡಿಸಬೇಕು. 21 ಆದರೆ ಆಟ ಮುಗಿದಂತೆ.

13 ಅಂದರೆ ಒಳ್ಳೆಯ ಮೆಟ್ಟಿಲು: ಯಾವ ಗೆಲುವಾದರೂ ಸಾಕು. ಆದರೆ ಗೆಲುವು ಬೇಕು, ಸಮ ಆಗಬಾರದು. ಇಲ್ಲೇ ಬಹಳ ಜನ ಎಡವುತ್ತಾರೆ. "ನನಗೆ ಯಾವುದು ಚೆನ್ನಾಗಿ ಬರುತ್ತದೆ" ಎಂದು ಯೋಚಿಸಿ ಸುಲಭದ ಆಯ್ಕೆ ಕೇಳುತ್ತಾರೆ. ಸುಲಭದ್ದು ಎದುರಾಳಿಗೂ ಬರುತ್ತದೆ; ಇಬ್ಬರಿಗೂ 10, ಅಂತರ ಇದ್ದಲ್ಲೇ. ಕೇಳಿಕೊಳ್ಳಬೇಕಾದ್ದು "ನನಗೆ ಬಂದು ಅವರಿಗೆ ಬಾರದಿರುವ ಸಾಧ್ಯತೆ ಯಾವ ಆಯ್ಕೆಯಲ್ಲಿ ಹೆಚ್ಚು?" ಎಂದು. ಸಾಮಾನ್ಯವಾಗಿ ಅದು ನಾಲ್ಕು ದೊಡ್ಡದು ಅಥವಾ ಆರೂ ಚಿಕ್ಕದು.

ಮುಂದಿರುವವರ ಲೆಕ್ಕ ಇದರ ತಿರುಗುಮುರುಗು. 13 ಮುಂದಿದ್ದು ಆಯ್ಕೆಯೂ ನಿಮ್ಮದೇ ಆದರೆ ಒಂದು ಅಥವಾ ಎರಡು ದೊಡ್ಡದು ಕೇಳಿ, ಇಬ್ಬರಿಗೂ 10 ಬರಲಿ ಎಂದೇ ಆಡಿ. ಅಂತರ ಹತ್ತರೊಳಗೇ ಇದ್ದರೆ ಮುಂದಿರುವವರಿಗೂ ಒಂದು ಗುರಿ ಇರುತ್ತದೆ, ಅಂತರವನ್ನು 11ಕ್ಕೆ ಮುಟ್ಟಿಸುವುದು. 6 ಮುಂದಿದ್ದರೆ 5 ಅಂಕದ ಗೆಲುವು ಸಾಕು, 4 ಮುಂದಿದ್ದರೆ 7 ಬೇಕು, 1 ಮುಂದಿದ್ದರೆ 10.

ಆರೂಚಿಕ್ಕದು:

ಅಂತರದ ಲೆಕ್ಕಕ್ಕೆ ನನ್ನ ಒಪ್ಪಿಗೆ ಇದೆ. ಆದರೆ "ಕಷ್ಟದ್ದು ಕೇಳಿ" ಎನ್ನುವುದನ್ನು ಕಣ್ಣುಮುಚ್ಚಿ ಪಾಲಿಸಬಾರದು. ನಾಲ್ಕು ದೊಡ್ಡದು, ಆರು ಚಿಕ್ಕದು ಎರಡೂ ಕಷ್ಟವೇ, ಆದರೆ ಕಷ್ಟದ ಬಗೆ ಬೇರೆ.

ಒಟ್ಟು 24 ಟೈಲ್: 25, 50, 75, 100 ಒಂದೊಂದು, 1ರಿಂದ 10 ಎರಡೆರಡು. ಇವುಗಳಲ್ಲಿ ಆರನ್ನು ಆರಿಸಿದರೆ ಬರುವ ಬೇರೆ ಬೇರೆ ಜೋಡಣೆ 13,243. ಅದರಲ್ಲಿ ನಾಲ್ಕು ದೊಡ್ಡದರ ಜೋಡಣೆ ಬರೀ 55. ಅಂದರೆ ದೊಡ್ಡ ನಾಲ್ಕು ಯಾವಾಗಲೂ ಅವೇ. ಬದಲಾಗುವುದು ಎರಡು ಚಿಕ್ಕವು ಮಾತ್ರ. ಕೂತು ಕಲಿತವರಿಗೆ ಇದು ಪೂರ್ತಿ ಪರಿಚಿತ ನೆಲ. ಚಾಂಪಿಯನ್ ಹಾಗೆ ಕಲಿತವರಾಗಿದ್ದರೆ ನೀವೇ ಅವರನ್ನು ಅವರ ಮನೆಗೆ ಕರೆದುಕೊಂಡು ಹೋದಂತೆ. ಒಬ್ಬೊಬ್ಬರಿಗೆ ಎರಡೆರಡು ನಂಬರ್ ಆಯ್ಕೆ ಇರುವುದರಿಂದ 14ನೇ ಸುತ್ತಿನ ಹೊತ್ತಿಗೆ ಚಾಂಪಿಯನ್ ತಮ್ಮ ಎರಡೂ ಸರದಿ ಮುಗಿಸಿರುತ್ತಾರೆ. ಅವರು ಏನು ಕೇಳಿದ್ದರು, ಗುರಿ ಮುಟ್ಟಿದ್ದರೋ ಇಲ್ಲವೋ, ಎಲ್ಲ ಕಣ್ಣೆದುರೇ ನಡೆದಿರುತ್ತದೆ. ಎರಡು ಸಲವೂ ನಾಲ್ಕು ದೊಡ್ಡದು ಕೇಳಿ ಗೆದ್ದವರಿಗೆ ಮೂರನೇ ಸಲ ನೀವೇ ಅದನ್ನು ಬಡಿಸಬೇಡಿ.

ಆರು ಚಿಕ್ಕದರ ಅಪಾಯ ಬೇರೆ. ಟೈಲ್‌ಗಳು ತೀರ ಚಿಕ್ಕವಾದರೆ ಗುರಿಯ ಹತ್ತಿರವೂ ಹೋಗಲಾಗದು. 1, 1, 2, 2, 3, 3 ಬಂದರೆ ಕಟ್ಟಬಹುದಾದ ಅತಿ ದೊಡ್ಡ ಸಂಖ್ಯೆ (1+2)×(1+2)×3×3 = 81. ಯಾವ ಮೂರಂಕಿ ಗುರಿಗೂ ಹತ್ತರೊಳಗೆ ಬರಲು ಸಾಧ್ಯವಿಲ್ಲ, ಇಬ್ಬರಿಗೂ ಸೊನ್ನೆ. ಹಿಂದಿರುವವರಿಗೆ ಸೊನ್ನೆ–ಸೊನ್ನೆ ಅಂದರೆ ಸೋಲು. ಇಷ್ಟು ಕೆಟ್ಟದಾಗಿ ಬರುವುದು ಅಪರೂಪ. ಆದರೆ 1, 2, 3ಗಳೇ ಹೆಚ್ಚಿದ್ದು ಗುರಿ 900ರ ಮೇಲಿದ್ದರೆ ಹೆಚ್ಚು ಕಡಿಮೆ ಇದೇ ಕಥೆ.

ಒಳ್ಳೆಯ ಟೈಲ್ ಬಂದರೆ ಮಾತ್ರ ಆರು ಚಿಕ್ಕದು ಅಭ್ಯಾಸವಿದ್ದವರ ಕೈಹಿಡಿಯುತ್ತದೆ. 9, 8, 7, 5, 3, 2 ಬಂದು ಗುರಿ 646 ಅನ್ನಿ. ನೂರರ ಗುಣಕ ಹುಡುಕುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೂರು ಸಂಖ್ಯೆಗಳ ಗುಣಲಬ್ಧವಾಗಿ ನೋಡಬೇಕು: 9×8 = 72, 72×9 = 648. ಎರಡನೇ 9 ಇಲ್ಲ, ಆದರೆ 7+2 ಇದೆ. ಉಳಿದ 5, 3ರಿಂದ 2 ಬರುತ್ತದೆ. 9×8×(7+2) − (5−3) = 646. ಇದಕ್ಕಾಗಿ 7×8×9 = 504, 8×9×9 = 648, 8×9×10 = 720, 9×9×10 = 810, 9×10×10 = 900 ಇಂಥವು ನಾಲಿಗೆ ತುದಿಯಲ್ಲಿರಬೇಕು. ಗುರಿ ಬಂದ ತಕ್ಷಣ ಹತ್ತಿರದ ಗುಣಲಬ್ಧ ಹಿಡಿದು, ಅದರ ಒಂದು ಅಂಶವನ್ನು ಎರಡು ಟೈಲ್ ಕೂಡಿಸಿ ಅಥವಾ ಕಳೆದು ಮಾಡಿಕೊಳ್ಳುವುದು. ದಾರಿ ಇಷ್ಟೇ, ವೇಗ ಅಭ್ಯಾಸದಿಂದ ಬರುತ್ತದೆ.

ಪದಬೇಟೆ:

ನಾಲ್ಕು ದೊಡ್ಡದು ಕಲಿತರೆ ಪರಿಚಿತ ನೆಲ ಎಂದಿರಿ. ಏನನ್ನು ಕಲಿಯುವುದು? 55 ಜೋಡಣೆ, ಪ್ರತಿಯೊಂದಕ್ಕೂ ಒಂಬೈನೂರರಷ್ಟು ಗುರಿ. ಬಾಯಿಪಾಠ ಮಾಡುವಂಥದ್ದಲ್ಲವಲ್ಲ.

ಎಪ್ಪತ್ತೈದರಮಗ್ಗಿ:

ಬಾಯಿಪಾಠ ಬೇಡ, ಒಂದೇ ಉಪಾಯದ ಹಲವು ರೂಪ ತಿಳಿದರೆ ಸಾಕು. ಕೌಂಟ್‌ಡೌನ್ ನೋಡುವವರಿಗೆಲ್ಲ ಗೊತ್ತಿರುವ 1997ರ ಕಂತಿನಿಂದಲೇ ಶುರು ಮಾಡೋಣ. ಟೈಲ್ 25, 50, 75, 100, 3, 6. ಗುರಿ 952. ಜೇಮ್ಸ್ ಮಾರ್ಟಿನ್ ಎಂಬ ಸ್ಪರ್ಧಿ ಬಿಡಿಸಿದ್ದು ಹೀಗೆ: 100+6 = 106; ×3 = 318; ×75 = 23,850; −50 = 23,800; ÷25 = 952.

ನೋಡಿದವರು 23,850ರಂಥ ಸಂಖ್ಯೆ ಕಂಡು ಬೆರಗಾಗುತ್ತಾರೆ. ನಿಜವಾಗಿ ಒಳಗೆ ನಡೆದಿರುವುದು 106×9 − 2. 75ನ್ನು 25ರಿಂದ ಭಾಗಿಸಿದರೆ 3, 50ನ್ನು 25ರಿಂದ ಭಾಗಿಸಿದರೆ 2. 3ರ ಟೈಲ್ ಕೈಯಲ್ಲಿದೆ, 75÷25 ಇನ್ನೊಂದು 3, ಸೇರಿ 9. 106×9 = 954, ಎರಡು ಕಳೆದರೆ 952. ತೊಡಕು ಒಂದೇ: 25ರ ಟೈಲ್ ಒಂದೇ ಇರುವುದು, ಭಾಗಿಸಬೇಕಾದ್ದು ಎರಡು ಕಡೆ. ಅದಕ್ಕೇ ಭಾಗಾಕಾರವನ್ನು ಕೊನೆಗೆ ತಳ್ಳಿ, ಇಡೀ ಮೊತ್ತವನ್ನು ಒಂದೇ ಸಲ 25ರಿಂದ ಭಾಗಿಸಿದ್ದಾರೆ. ಈ ಮಾತು ತಲೆಗೆ ಇಳಿದರೆ ದೊಡ್ಡ ಗುಣಾಕಾರ ಮಾಡುವ ಕೆಲಸವೇ ಇರುವುದಿಲ್ಲ. ಚಿಕ್ಕ ಸಂಖ್ಯೆಯಲ್ಲಿ ಯೋಚಿಸಿ, ಹೇಳುವಾಗ ದೊಡ್ಡದರಲ್ಲಿ ಹೇಳಿದರಾಯಿತು.

ಅದರ ರೂಪಗಳು: ಉಳಿದ ಒಂದು ದೊಡ್ಡ ಟೈಲ್ ಮತ್ತು ಎರಡು ಚಿಕ್ಕವುಗಳಿಂದ ಮಾಡಿದ ಸಂಖ್ಯೆಗೆ "ಕ" ಎನ್ನೋಣ. 75ನ್ನು ಕ ಜೊತೆ ಗುಣಿಸಿ, 50 ಕೂಡಿಸಿ ಅಥವಾ ಕಳೆದು, 25ರಿಂದ ಭಾಗಿಸಿದರೆ ಸಿಗುವುದು 3ಕ ± 2. 100ನ್ನು ಗುಣಿಸಿ 75 ಕೂಡಿ–ಕಳೆದರೆ 4ಕ ± 3. 100 ಮತ್ತು 50 ಆದರೆ 4ಕ ± 2. 50 ಮತ್ತು 75 ಆದರೆ 2ಕ ± 3. 50 ಮತ್ತು 100 ಆದರೆ 2ಕ ± 4. ಗುರಿ ಬಂದಾಗ ಈ ಐದನ್ನು ಹಿಂದಿನಿಂದ ಪರೀಕ್ಷಿಸಿ: ಗುರಿಗೆ 2 ಕೂಡಿಸಿದರೆ 3ರಿಂದ ಭಾಗ ಹೋಗುತ್ತದೆಯೇ? ಹೋದರೆ ಬಂದ ಸಂಖ್ಯೆ 100ರ ಸುತ್ತ ಕಟ್ಟುವಂಥದ್ದೇ?

ಉದಾಹರಣೆ: 25, 50, 75, 100, 4, 7. ಗುರಿ 831. ಮೂರು ಕಳೆದರೆ 828, ನಾಲ್ಕರಿಂದ ಭಾಗಿಸಿದರೆ 207. ಅದು 50×4 + 7. ಆದ್ದರಿಂದ (207×100 + 75) ÷ 25 = 831. ಇದೇ ಗುರಿಗೆ ಇನ್ನೂ ಸರಳ ದಾರಿಯೂ ಇದೆ: (4+7)×75 = 825, ಆರು ಕಡಿಮೆ; (100+50)÷25 = 6. ಅಲ್ಲೂ ಉಪಾಯ ಅದೇ, ಕೂಡಿಸಿದ ಮೇಲೆ ಒಂದೇ ಸಲ ಭಾಗಿಸುವುದು.

900ರ ಮೇಲಿನ ಗುರಿಗೆ ಇನ್ನೊಂದು ಸಾಧನ: 75×25 = 1875, ಅದರ ಅರ್ಧ 937.5. ಆಟದಲ್ಲಿ ಭಿನ್ನರಾಶಿ ನಡೆಯುವುದಿಲ್ಲ, ಯಾವ ಹಂತದಲ್ಲೂ. ಹಾಗಾಗಿ ಅರ್ಧ ಮಾಡುವ ಮೊದಲು ಬೆಸ ಸಂಖ್ಯೆಯೊಂದನ್ನು ಕೂಡಿಸಬೇಕು ಅಥವಾ ಕಳೆಯಬೇಕು. ಚಿಕ್ಕವು 2 ಮತ್ತು 1 ಆಗಿದ್ದರೆ (1875+1)÷2 = 938, (1875−1)÷2 = 937. ಮೊದಲೇ 50 ಸೇರಿಸಿಕೊಂಡರೆ (1875+50+1)÷2 = 963, ಕಳೆದರೆ (1875−50+1)÷2 = 913.

ನಂಬರ್ ಸುತ್ತು ಮುಗಿದ ಮೇಲೆ ಕಾರ್ಯಕ್ರಮದ ಗಣಿತಜ್ಞೆ ರೇಚಲ್ ರೈಲಿ ಬೋರ್ಡಿನಲ್ಲಿ ಬಿಡಿಸುವಾಗ ಉತ್ತರವನ್ನಷ್ಟೇ ನೋಡಿ ಬಿಡಬೇಡಿ. ಅವರು ಯಾವ ಗುಣಲಬ್ಧದಿಂದ ಶುರು ಮಾಡುತ್ತಾರೆ ಎಂಬುದನ್ನು ಗಮನಿಸಿ. ಕಲಿಯಲು ಸಿಗುವುದು ಅಲ್ಲಿ.

ಒಂದು ದೊಡ್ಡದಕ್ಕೂ ಒಂದು ಮಾತು, ಏಕೆಂದರೆ ಎದುರಾಳಿಯ ಸರದಿಯಲ್ಲಿ ಬರುವುದು ಹೆಚ್ಚಾಗಿ ಅದೇ. ಉಳಿಕೆಯನ್ನು ಹೊರಗೆ ಹುಡುಕಬೇಡಿ, ಆವರಣದೊಳಗೆ ಹಾಕಿ. 75, 6, 3 ಇದ್ದು ಗುರಿ 432 ಅಂದರೆ, 75×6 = 450, 18 ಹೆಚ್ಚು. 18 ಎಂದರೆ 6×3. ಇನ್ನೊಂದು 6 ಬೇಕಿಲ್ಲ, ಗುಣಿಸುವ ಮೊದಲೇ 3 ಕಳೆಯಿರಿ: (75−3)×6 = 432.

ನಿಘಂಟುಮೂಲೆ:

ಎರಡನೇ ಪ್ರಶ್ನೆಗೆ ಬರುತ್ತೇನೆ. ಅಕ್ಷರ ಆರಿಸಿದವರೇ ಮೊದಲು ಉದ್ದ ಘೋಷಿಸಬೇಕು. 13ನೇ ಸುತ್ತಿನಲ್ಲಿ ಚಾಂಪಿಯನ್ ಮೊದಲು "7" ಎಂದಿದ್ದಾರೆ, ಆದ್ದರಿಂದ ಚಾಲೆಂಜರ್‌ಗೆ ಮಾಹಿತಿ ಸಿಕ್ಕಿದೆ. ಅದನ್ನು ಬಳಸಲೇಬೇಕು.

7 ಹೇಳಿದರೆ ಸಮ, ಅಂತರ 13ರಲ್ಲೇ ಉಳಿಯುತ್ತದೆ. 8 ಹೇಳಿ ನಿಘಂಟಿನಲ್ಲಿದ್ದರೆ 77–72, ಅಂತರ 5. ಇಲ್ಲದಿದ್ದರೆ 84–64, ಅಂತರ 20. ಬರೀ ಅಂಕದ ಲೆಕ್ಕದಲ್ಲಿ 8 ಗಳಿಕೆ, 7 ನಷ್ಟ. ಪದ ಸರಿ ಇರುವ ಸಾಧ್ಯತೆ 15ಕ್ಕೆ 7ರಷ್ಟಿದ್ದರೆ, ಅಂದರೆ ಶೇ. 47ರಷ್ಟಿದ್ದರೆ ಎರಡೂ ತೂಗುತ್ತವೆ. ಆದರೆ ಇಲ್ಲಿ ಅಂಕಕ್ಕಿಂತ ಗೆಲುವು ಮುಖ್ಯ. 13ರಿಂದ 5ಕ್ಕೆ ಇಳಿದರೆ ಮುಂದಿನ ನಂಬರ್ ಸುತ್ತು ಸಮವಾದರೂ ಕೊನಂಡ್ರಮ್‌ನಿಂದಲೇ ಗೆಲ್ಲಬಹುದು. 13ರಿಂದ 20ಕ್ಕೆ ಜಾರಿದರೆ ಕಳೆದುಕೊಳ್ಳುವುದು ಈಗಾಗಲೇ ತೆಳುವಾಗಿದ್ದ ಅವಕಾಶ. ಆದ್ದರಿಂದ ಶೇ. 47ಕ್ಕಿಂತ ಸಾಕಷ್ಟು ಕಡಿಮೆ ನಂಬಿಕೆಯಿದ್ದರೂ ನಾನು 8 ಹೇಳು ಎನ್ನುತ್ತೇನೆ. ಇದೇ ಪದ ಚಾಂಪಿಯನ್ ಕೈಯಲ್ಲಿ ಇದ್ದು ಚಾಲೆಂಜರ್ 7 ಹೇಳಿದ್ದರೆ ಉತ್ತರ ತದ್ವಿರುದ್ಧ: 7 ಹೇಳಿ ಸಮ ಮಾಡಿಕೊಳ್ಳಬೇಕು.

ಇನ್ನೂ ಕೆಲವು ಲೆಕ್ಕ ಕೈಯಲ್ಲಿರಲಿ. ಎದುರಾಳಿ 6 ಎಂದಾಗ ನಿಮ್ಮಲ್ಲಿ ಖಚಿತ 7 ಇದ್ದರೆ ಅನುಮಾನದ 8ರ ಆಸೆ ಬೇಡ. 7 ಆಗಲೇ ಗೆದ್ದಿದೆ. ಒಂದು ಅಂಕ ಹೆಚ್ಚಿಗೆ ಪಡೆಯಲು 13 ಅಂಕದ ವ್ಯತ್ಯಾಸವನ್ನು ಪಣಕ್ಕಿಟ್ಟಂತೆ. ಶೇ. 93ರಷ್ಟು ನಂಬಿಕೆ ಇಲ್ಲದೆ ಅದು ಲಾಭವಲ್ಲ. ಅನುಮಾನದ್ದು 9 ಅಕ್ಷರದ ಪದವಾದರೆ ಚಿತ್ರ ಬದಲಾಗುತ್ತದೆ, 18 ಸಿಗುತ್ತದಲ್ಲ. ಎದುರಾಳಿ 7, ನಿಮ್ಮಲ್ಲಿ ಖಚಿತ 7, ಅನುಮಾನದ 9: 25ಕ್ಕೆ 7, ಅಂದರೆ ಶೇ. 28 ನಂಬಿಕೆ ಸಾಕು. ಎದುರಾಳಿ 8 ಎಂದಿದ್ದು, ಅದು ಸರಿಯಿರುವುದು ನಿಮಗೆ ಕಾಣುತ್ತಿದ್ದರೆ, ನಿಮ್ಮ 7ಕ್ಕೆ ಬೆಲೆಯೇ ಇಲ್ಲ. ಅನುಮಾನದ 8 ಹೇಳಿಬಿಡಿ.

ಅನುಮಾನ ಬರುವುದೇ ಕೆಲವು ನಿರ್ದಿಷ್ಟ ಜಾಗಗಳಲ್ಲಿ. ತೀರ್ಪಿಗೆ ಆಧಾರ ಆಕ್ಸ್‌ಫರ್ಡ್ ನಿಘಂಟು, 1992ರಿಂದ ಕಾರ್ಯಕ್ರಮದ ನಿಘಂಟು ಮೂಲೆಯಲ್ಲಿ ಕೂತಿರುವವರು ಪದತಜ್ಞೆ ಸೂಸಿ ಡೆಂಟ್. ದೊಡ್ಡಕ್ಷರದಿಂದ ಶುರುವಾಗುವ ಪದ, ನಡುಗೆರೆ ಇರುವ ಪದ, ಅಮೆರಿಕನ್ ಕಾಗುಣಿತ ಯಾವುದೂ ನಡೆಯುವುದಿಲ್ಲ. ಎಣಿಸಲಾಗದ ವಸ್ತುವಿನ ಹೆಸರಿಗೆ ಕೊನೆಯಲ್ಲಿ ಎಸ್ ಅಂಟಿಸಿ ಉದ್ದ ಮಾಡುವುದು ಅತಿ ಸಾಮಾನ್ಯ ತಪ್ಪು. ಬಹುವಚನ ಉಂಟೆಂದು ನಿಘಂಟು ಹೇಳಿದ್ದರೆ ಮಾತ್ರ ಸಲ್ಲುತ್ತದೆ. ಗುಣವಾಚಕಕ್ಕೆ ಇ‑ಆರ್, ಇ‑ಎಸ್‑ಟಿ ಸೇರಿಸುವುದು ಒಂದೇ ಉಚ್ಚಾರಾಂಶದ ಪದವಾದರೆ ಸರಿ, ಅದಕ್ಕಿಂತ ಉದ್ದವಾದರೆ ನಿಘಂಟಿನಲ್ಲಿ ಆ ರೂಪ ಕೊಟ್ಟಿರಬೇಕು. ಕ್ರಿಯಾಪದಕ್ಕೆ ಇ‑ಆರ್ ಸೇರಿಸಿ "ಮಾಡುವವನು" ಎಂದು ಮಾಡುವ ಪದಗಳೂ ಹಾಗೇ, ನಿಘಂಟಿನಲ್ಲಿ ಇರಬೇಕು.

ಕಲಿಯುವುದಾದರೆ ಪದಗಳನ್ನು ಬಿಡಿಬಿಡಿಯಾಗಿ ಅಲ್ಲ, ಒಂದೇ ಅಕ್ಷರಗಳ ಗುಂಪಾಗಿ ಕಲಿಯಿರಿ. ಟ್ರಯಾಂಗಲ್ ಪದದ ಎಂಟು ಅಕ್ಷರಗಳಿಂದಲೇ ಇಂಟಿಗ್ರಲ್, ರಿಲೇಟಿಂಗ್, ಆಲ್ಟರಿಂಗ್, ಅಲರ್ಟಿಂಗ್ ಬರುತ್ತವೆ. ಒಂಬತ್ತರಲ್ಲಿ ಅಸರ್ಟೇನ್ ಮತ್ತು ಸೆಕ್ಟೇರಿಯನ್ ಒಂದೇ ಗುಂಪು. ಅದೇ ಅಕ್ಷರಗಳ ಕಾರ್ಟೀಸಿಯನ್ ಮಾತ್ರ ದೊಡ್ಡಕ್ಷರದ್ದು, ಸಲ್ಲದು. ಒಂದು ಗುಂಪು ಗೊತ್ತಿದ್ದರೆ ಒಂದರ ಬಗ್ಗೆ ಅನುಮಾನ ಬಂದಾಗ ಇನ್ನೊಂದನ್ನು ಹೇಳಬಹುದು, ಪಣವೇ ಬೇಕಾಗುವುದಿಲ್ಲ.

ಮತ್ತೊಂದು: ಒಂದೇ ಇರುವ ಅಕ್ಷರವನ್ನು ಎರಡು ಸಲ ಬಳಸಿ ಸೊನ್ನೆ ತೆಗೆದುಕೊಳ್ಳುವುದು ನಿಘಂಟಿನ ತಪ್ಪಿಗಿಂತ ಬೇಸರದ್ದು. ಪದ ಬರೆದ ಮೇಲೆ ಒಂದೊಂದೇ ಅಕ್ಷರವನ್ನು ಬೋರ್ಡಿನ ಅಕ್ಷರದ ಜೊತೆ ಹೊಂದಿಸಿ ಗೆರೆ ಎಳೆಯಿರಿ. ಮೂರು ಸೆಕೆಂಡಿನ ಕೆಲಸ.

ಕೊನೆಬಜರ್:

ಮೂರನೆಯದಕ್ಕೆ ನನ್ನ ಉತ್ತರ. ಒಬ್ಬೊಬ್ಬರಿಗೆ ಒಂದೇ ಸಲ ಅವಕಾಶ. ತಪ್ಪು ಹೇಳಿದರೆ ನೀವು ಹೊರಗೆ, ಉಳಿದ ಸೆಕೆಂಡುಗಳೆಲ್ಲ ಎದುರಾಳಿಗೆ. ಎಲ್ಲ ಲೆಕ್ಕವೂ ಇದರ ಮೇಲೆ ನಿಂತಿದೆ.

ನೀವು 8 ಹಿಂದಿದ್ದೀರಿ ಅನ್ನಿ. ಯಾರೂ ಬಿಡಿಸದಿದ್ದರೆ ಚಾಂಪಿಯನ್ ಗೆದ್ದರು. ಆದ್ದರಿಂದ ಸುಮ್ಮನೆ ಕೂತು ಸೋಲುವುದಕ್ಕೂ ತಪ್ಪು ಹೇಳಿ ಸೋಲುವುದಕ್ಕೂ ವ್ಯತ್ಯಾಸವಿಲ್ಲ. 28–29ನೇ ಸೆಕೆಂಡಿನಲ್ಲಿ ಬಾಯಿಗೆ ಬಂದ ಅರೆಬರೆ ಊಹೆಯಾದರೂ ಹೇಳಿ. ಆದರೆ 10ನೇ ಸೆಕೆಂಡಿನಲ್ಲಿ ಅನುಮಾನದ ಪದ ಹೊಳೆದರೆ ತಕ್ಷಣ ಒತ್ತಬೇಡಿ. ಸ್ವರಗಳನ್ನು ಮೊದಲು ಹೊಂದಿಸಿ ನೋಡಿ. ಹುಸಿ ಉತ್ತರಗಳು ಹೆಚ್ಚಾಗಿ ಒಂದು ಇ ಹೆಚ್ಚು ಅಥವಾ ಒಂದು ಎ ಕಡಿಮೆಯಾಗಿ ಸಿಕ್ಕಿಬೀಳುತ್ತವೆ. ಸ್ವರ ಹೊಂದಿದರೆ ಒತ್ತಿ, ಅಷ್ಟರಲ್ಲಿ ಎರಡು ಸೆಕೆಂಡು ಹೋಗಿರುತ್ತದೆ ಅಷ್ಟೆ.

ಮುಂದಿರುವವರು ಊಹೆಯ ಮೇಲೆ ಒತ್ತಲೇಬಾರದು. ಗೊತ್ತಿದ್ದರೆ ಒತ್ತಿ, ಇಲ್ಲವಾದರೆ ಗಡಿಯಾರವೇ ನಿಮ್ಮ ಪರ ಆಡುತ್ತಿದೆ. ಹಾಗೊಮ್ಮೆ ಅವರು 12ನೇ ಸೆಕೆಂಡಿನಲ್ಲಿ ತಪ್ಪಿದರೆ ಹಿಂದಿರುವವರು ಅವಸರಪಡಬಾರದು. ಎದುರಿಗೆ ಯಾರೂ ಇಲ್ಲ, 18 ಸೆಕೆಂಡು ಪೂರ್ತಿ ನಿಮ್ಮದು. ಇಲ್ಲಿ ತಡಬಡಾಯಿಸಿ ಒತ್ತಿ ಕಳೆದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅಂಕ ಸಮವಿದ್ದರೆ ಇನ್ನೊಂದು ರೀತಿ. ಇಬ್ಬರೂ ಬಿಡಿಸದಿದ್ದರೆ ಹೊಸ ಕೊನಂಡ್ರಮ್ ಬರುತ್ತದೆ, ಆದ್ದರಿಂದ ನಡುವೆ ಊಹೆ ಹೇಳುವುದು ಅಪಾಯ. ಕೊನೆಯ ಒಂದೆರಡು ಸೆಕೆಂಡಿನಲ್ಲಿ ಹೇಳಿದರೆ ಎದುರಾಳಿಗೆ ಸಮಯವೇ ಉಳಿಯುವುದಿಲ್ಲ.

ಬಿಡಿಸುವ ಬಗೆ: ಪರದೆಯ ಮೇಲೆ ಅಕ್ಷರಗಳನ್ನು ಓದಿದರೆ ಏನೋ ಅರ್ಥ ಬರುವ ಹಾಗೆ ಜೋಡಿಸಿರುತ್ತಾರೆ. ಆ ಓದನ್ನು ಮೊದಲು ಮುರಿಯಬೇಕು. ಕೊನೆಯ ಅಕ್ಷರದಿಂದ ಹಿಂದಕ್ಕೆ ಓದಿ, ಅಥವಾ ವ್ಯಂಜನಗಳನ್ನು ಒಂದು ಕಡೆ, ಸ್ವರಗಳನ್ನು ಇನ್ನೊಂದು ಕಡೆ ಮನಸ್ಸಿನಲ್ಲಿ ಬೇರೆ ಮಾಡಿ. ಆಮೇಲೆ ಪದದ ಬಾಲ ಹುಡುಕಿ: ಟಿ‑ಐ‑ಒ‑ಎನ್, ಐ‑ಎನ್‑ಜಿ, ಎನ್‑ಇ‑ಎಸ್‑ಎಸ್, ಎ‑ಬಿ‑ಎಲ್‑ಇ. ಬಾಲ ತೆಗೆದಿಟ್ಟರೆ ಉಳಿಯುವುದು ಐದಾರು ಅಕ್ಷರ. ಆದರೆ ಬಾಲಕ್ಕೆ ಅಂಟಿಕೊಂಡು ಕೂರಬೇಡಿ, ಐದು ಸೆಕೆಂಡಿನಲ್ಲಿ ಏನೂ ಹೊಳೆಯದಿದ್ದರೆ ಬಿಟ್ಟು ಮುಂದೆ ಹೋಗಿ. ಎಜುಕೇಶನ್ ಪದದ ಅಕ್ಷರಗಳನ್ನೇ ನೋಡಿ: ಟಿ‑ಐ‑ಒ‑ಎನ್ ಎದ್ದು ಕಾಣುತ್ತದೆ, ಆದರೆ ಅವೇ ಒಂಬತ್ತರಿಂದ ಆಕ್ಷನ್ಡ್, ಕಾಷನ್ಡ್ ಎಂಬ ಎರಡು ಪದಗಳೂ ಆಗುತ್ತವೆ, ಅಲ್ಲಿ ಬಾಲ ಇ‑ಡಿ. (ಕೊನಂಡ್ರಮ್‌ಗೆ ಒಂದೇ ಉತ್ತರ ಇರಬೇಕಾದ್ದರಿಂದ ಇಂಥ ಗುಂಪು ಅಲ್ಲಿ ಬರುವುದಿಲ್ಲ. ಅಕ್ಷರದ ಸುತ್ತಿನಲ್ಲಿ ಬಂದರೆ 18 ಅಂಕ.)

ಪದಬೇಟೆ:

ಎಲ್ಲರಿಗೂ ಧನ್ಯವಾದ, ಬಹಳ ಉಪಯೋಗವಾಯಿತು. ಒಂದು ಉಳಿದಿದೆ. 14ನೇ ಸುತ್ತಿನಲ್ಲಿ ಆಯ್ಕೆ ಚಾಲೆಂಜರ್‌ದಾದ್ದರಿಂದ ಅವರೇ ಮೊದಲು ಘೋಷಿಸಬೇಕು. ಗುರಿಗೆ 2 ಕಡಿಮೆ ಬರೆದಿಟ್ಟಿದ್ದಾರೆ, ಗುರಿ ಮುಟ್ಟುವ ದಾರಿ ಅರ್ಧ ಕಂಡಿದೆ, ಬರೆದಿಲ್ಲ. ಏನು ಹೇಳಬೇಕು?

ಅಂತರಲೆಕ್ಕ:

ಅರ್ಧ ಕಂಡ ದಾರಿಯನ್ನು ಹೇಳಬೇಡಿ. ಬರೆಯದೆ ಹೇಳುವುದಕ್ಕೆ ಅವಕಾಶವಿದೆ, "ಬರೆದಿಲ್ಲ" ಎಂದು ತಿಳಿಸಬೇಕು, ಆಗ ಬಿಡಿಸಿ ಹೇಳುವ ಸರದಿಯೂ ನಿಮಗೇ ಮೊದಲು. ನಡುವೆ ಒಂದು ಟೈಲ್ ಎರಡು ಸಲ ಬಂದರೆ, ಒಂದು ಭಾಗಾಕಾರ ಸಮವಾಗಿ ಹೋಗದಿದ್ದರೆ, ಸೊನ್ನೆ. 13 ಹಿಂದಿರುವಾಗ 7ರ ಗೆಲುವು ಸಾಕು ಎಂದು ಮೇಲೆಯೇ ನೋಡಿದ್ದೇವೆ. ಚಾಂಪಿಯನ್‌ಗೆ ಅಷ್ಟು ಹತ್ತಿರ ಬಂದಿರದಿದ್ದರೆ ನಿಮ್ಮ "2 ಕಡಿಮೆ" ಗೆಲ್ಲುತ್ತದೆ. ದಾರಿ ಪೂರ್ತಿ ಕಂಡು ಕೊನೆಯ ಗೆರೆಯಷ್ಟೇ ಬರೆಯಲು ಆಗದಿದ್ದರೆ ಮಾತು ಬೇರೆ, ಆಗ ಹೇಳಿ. 18 ಹಿಂದಿದ್ದರೂ ಮಾತು ಬೇರೆ. 7 ಅಲ್ಲಿ ಕೆಲಸಕ್ಕೆ ಬಾರದು, ಅರ್ಧ ದಾರಿಯನ್ನೇ ನಂಬಿ ಗುರಿಯ ಸಂಖ್ಯೆ ಹೇಳಬೇಕು.

ಎರಡನೆಯವರಾಗಿ ಹೇಳುವಾಗ ಎದುರಾಳಿ ಗುರಿಯನ್ನೇ ಹೇಳಿದ್ದರೂ ನಿಮ್ಮ ಹತ್ತಿರದ ಸಂಖ್ಯೆಯನ್ನು ತಪ್ಪದೆ ಹೇಳಿ. ಅವರು ಬಿಡಿಸಿ ಹೇಳುವಾಗ ತಪ್ಪಿದರೆ ಅಂಕ ನಿಮಗೆ ಬರುತ್ತದೆ.

ಸಮಯ ಹಂಚುವ ಬಗೆ: ಮೊದಲ ಹತ್ತು ಸೆಕೆಂಡಿನೊಳಗೆ 5ರ ಅಂತರದ ಒಂದು ಉತ್ತರ ಕಾಗದದ ಮೇಲೆ ಬಂದಿರಬೇಕು. ಆಮೇಲೆ ಗುರಿಯ ಬೇಟೆ. ಕೊನೆಯ ಆರು ಸೆಕೆಂಡು ಬರೆಯುವುದಕ್ಕೆ ಮತ್ತು ಬಳಸಿದ ಟೈಲ್‌ಗಳಿಗೆ ಒಂದೊಂದಾಗಿ ಗುರುತು ಹಾಕುವುದಕ್ಕೆ ಇರಲಿ.

ಆರೂಚಿಕ್ಕದು:

ಹಳೆಯ ಕಂತು ನೋಡಿ ಅಂಕ ಹೋಲಿಸುವವರಿಗೆ ಒಂದು ಸೂಚನೆ. 1982ರ ನವೆಂಬರ್ 2ರಂದು ಶುರುವಾದಾಗ ಆಟ 9 ಸುತ್ತಿನದು: ಆರು ಅಕ್ಷರ, ಎರಡು ನಂಬರ್, ಒಂದು ಕೊನಂಡ್ರಮ್. 15 ಸುತ್ತಾದದ್ದು 2001ರಲ್ಲಿ, 11 ಅಕ್ಷರ ಮತ್ತು 3 ನಂಬರಿನೊಂದಿಗೆ. 10 ಮತ್ತು 4 ಆದದ್ದು 2013ರಲ್ಲಿ. ಕೊನೆಯ ಎರಡು ಸುತ್ತಿನ ಅಂತರದ ಲೆಕ್ಕ ಅಂಕದ ನಿಯಮದ ಮೇಲೆ ನಿಂತಿರುವುದರಿಂದ ಸುತ್ತುಗಳ ಸಂಖ್ಯೆ ಬದಲಾದರೂ ಅದು ಬದಲಾಗುವುದಿಲ್ಲ. ಆದರೆ ಈಗ ಇಬ್ಬರಿಗೂ ಎರಡೆರಡು ನಂಬರ್ ಆಯ್ಕೆ ಸಿಗುತ್ತದೆ, ಮೂರು ಇದ್ದಾಗ ಒಬ್ಬರಿಗೆ ಒಂದೇ ಸಿಗುತ್ತಿತ್ತು. ಅಭ್ಯಾಸದ ಆಟಕ್ಕೆ ಅಂಕಪಟ್ಟಿ ಬರೆಯುವಾಗ ಯಾವ ಕಾಲದ ನಿಯಮ ಎಂದು ಮೊದಲೇ ಒಪ್ಪಿಕೊಂಡು ಆಡಿ.